ಬಿಸಿನೀರಿನ ಚೀಲ

ಕಾದ ರಬ್ಬರಿನ ವಾಸನೆ ಬಂದರೆ ಇವತ್ತಿಗೂ ಎದ್ದು ಕಿಟಕಿ ತೆಗೆದುಬಿಡುತ್ತೇನೆ. ಹೋದ ಭಾನುವಾರ ಸೊಂಟ ಹಿಡಿದುಕೊಂಡು ಮಲಗಿದ್ದೆ. ಚಂದ್ರಾ ಲೇಔಟಿನಿಂದ ಬಂದಿದ್ದ ನಾದಿನಿ ಬಿಸಿನೀರಿನ ಚೀಲ ತುಂಬಿಸಿ ತಂದಳು. ಅದನ್ನು ನನ್ನ ಸೊಂಟಕ್ಕೆ ಒತ್ತುತ್ತಾ, "ಜ್ಞಾಪಕ ಇದ್ಯಾ ಅತ್ತಿಗೆ? ಇಂಥದ್ರಲ್ಲೇ ಆ ಸಿಸ್ಟರ್ ಅಮ್ಮನ್ನ ಸಾಯಿಸಿಬಿಡ್ತಿದ್ಲು" ಅಂದಳು.

ಜ್ಞಾಪಕ ಇಲ್ಲದೇನು...

ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು ಅವರು. ಹಿಂದಿನ ರಸ್ತೆಯ ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸು, ಬೀದಿಗೆಲ್ಲ ಸಿಸ್ಟರ್. ಒಂಟಿ ಹೆಂಗಸು, ಮಾತು ಸ್ವಲ್ಪ ಒರಟು. ನನ್ನ ಮಗಳ ಮೊಣಕೈಗೆ ಇಸುಬು ಆದಾಗ ಡಾಕ್ಟರು ಹೇಳಿದಂತೆ ಮುಲಾಮು ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿದ್ದರು. "ಹೀಗೆ ಮುಚ್ಚಿದ್ರೆ ಔಷಧಿ ಜಾಸ್ತಿ ಒಳಗೆ ಹೋಗುತ್ತೆ ಕಣಮ್ಮಾ. ಚರ್ಮ ಅಂದ್ರೆ ಗೋಡೆ ಅಂದ್ಕೊಂಡಿದೀಯಾ?" ಅಂದಿದ್ದರು. ನಾನು ನಕ್ಕು ಮರೆತೆ. ಆ ಮಾತನ್ನು ತಲೆಗೆ ಹಾಕಿಕೊಂಡಿದ್ದರೆ...

ಅತ್ತೆಗೆ ಮೂಳೆಯ ಕ್ಯಾನ್ಸರ್. ಮಾತ್ರೆ ನುಂಗಿದರೆ ವಾಂತಿ. ಹಾಗಾಗಿ ಆಸ್ಪತ್ರೆಯಲ್ಲಿ ನೋವಿಗೆ ಪ್ಯಾಚ್ ಬರೆದುಕೊಟ್ಟರು. ಬೆಂಕಿಪೊಟ್ಟಣದಷ್ಟು ಅಗಲದ ತೆಳು ಪಟ್ಟಿ. ಬೆನ್ನಿನ ಮೇಲ್ಭಾಗಕ್ಕೆ ಅಂಟಿಸಿದರೆ ಮೂರು ದಿನ ಔಷಧಿ ಚೂರು ಚೂರೇ ಚರ್ಮದೊಳಗೆ ಇಳಿಯುತ್ತದೆ. ಅಂಟಿಸಿದ್ದು ನನ್ನ ಗಂಡ. ಜತೆಗಿದ್ದ ಇಂಗ್ಲಿಷ್ ಚೀಟಿಯನ್ನು ಮನೆಯಲ್ಲಿ ಯಾರೂ ಬಿಚ್ಚಲಿಲ್ಲ.

ನಮ್ಮಲ್ಲಿ ನೋವು ಎಂದರೆ ಶಾಖ. ಕಾಲು ಉಳುಕಿದರೆ ಶಾಖ, ಬಾಣಂತಿಯ ಸೊಂಟಕ್ಕೆ ಶಾಖ. ನನಗೆ ಅದನ್ನು ಕಲಿಸಿದವರೇ ಅತ್ತೆ. ಮರುದಿನ ಮಧ್ಯಾಹ್ನ, ಗಂಡ ಕೆಲಸಕ್ಕೆ ಹೋಗಿದ್ದಾಗ, "ಬೆನ್ನಿಗೆ ಒಂಚೂರು ಶಾಖ ಕೊಡೇ" ಅಂದರು. ಚೀಲವನ್ನು ಆ ಪಟ್ಟಿಯ ಮೇಲೇ ಇಟ್ಟೆ. ಆರಿತೆಂದು ಮತ್ತೆ ನೀರು ಕಾಯಿಸಿ ತುಂಬಿದೆ. ಆಮೇಲೆ ಇನ್ನೊಂದು ಸಲ. ಅತ್ತೆಗೆ ನಿದ್ದೆ ಹತ್ತಿತು. ಎಷ್ಟು ದಿನಕ್ಕೆ ಕಣ್ಣು ಮುಚ್ಚಿದರಲ್ಲ ಎಂದು ಖುಷಿಪಟ್ಟೆ, ದಡ್ಡಿ.

ಕ್ಲಿನಿಕ್ಕಿನಿಂದ ಊಟಕ್ಕೆ ಬಂದ ಸಿಸ್ಟರ್ ಅತ್ತೆಯನ್ನು ನೋಡಿಕೊಂಡು ಹೋಗಲು ಒಳಗೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಒಂದು ಉಸಿರು... ಆಮೇಲೆ ಏನೂ ಇಲ್ಲ... ಆಮೇಲೆ ಗೊರಗೊರ ಎಂದು ಇನ್ನೊಂದು. ಅತ್ತೆಯ ತುಟಿ ನೀಲಿಗಟ್ಟಿತ್ತು. ಸಿಸ್ಟರ್ ಓಡಿಬಂದು ಚೀಲ ಎಸೆದು, ಪಟ್ಟಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಆ ಜಾಗ ಒರೆಸಿದರು.

"ಮೂರು ದಿನಕ್ಕೆ ಇಳೀಬೇಕಾದ್ದನ್ನ ಶಾಖ ಒಂದೇ ಸಲ ಒಳಗೆ ತಳ್ಳಿದೆ ಕಣೇ! ಆ ಔಷಧಿ ಜಾಸ್ತಿಯಾದ್ರೆ ಉಸಿರೇ ನಿಲ್ಲುತ್ತೆ. ಆಂಬುಲೆನ್ಸ್‌ಗೆ ಫೋನ್ ಮಾಡು!"

ಫೋನ್ ಮಾಡಿದೆ. ಸಿಸ್ಟರ್ ಅತ್ತೆಯ ಕಿವಿಗೆ ಬಾಯಿಟ್ಟು, "ಅಜ್ಜೀ, ಉಸಿರು ಎಳ್ಕೊಳ್ಳಿ!" ಎಂದು ಕೂಗುತ್ತಿದ್ದರು. ಒಂದು ಕೂಗಿಗೆ ಒಂದು ಉಸಿರು. ಕೂಗು ನಿಂತರೆ ಉಸಿರೂ ನಿಲ್ಲುತ್ತದೆ ಎಂದು ನನಗೆ ಗೊತ್ತಾಯಿತು. ಆಂಬುಲೆನ್ಸಿನಲ್ಲೂ ಕೂಗಿದರು. ಅದರ ನಡುವೆಯೇ ನನ್ನ ಮುಂಗೈ ಹಿಡಿದು, "ಅಲ್ಲಿ ನೀನು ಬಾಯಿ ಬಿಡ್ಬೇಡ. ನೀನು ಆ ಮನೇಲಿ ಬಾಳ್ಬೇಕು. ನಾನು ಬಾಡಿಗೆಯವಳು, ಮನೆ ಬದಲಾಯಿಸ್ತೀನಿ" ಅಂದರು.

ಇಂಜೆಕ್ಷನ್ ಕೊಟ್ಟ ಮೇಲೆ ಅತ್ತೆ ಕಣ್ಣುಬಿಟ್ಟರು. ಅಷ್ಟರಲ್ಲಿ ಗಂಡ, ನಾದಿನಿ ಇಬ್ಬರೂ ಬಂದಿದ್ದರು. ಡಾಕ್ಟರು ಹೊರಗೆ ಬಂದು ಕೇಳಿದರು: "ಪ್ಯಾಚ್ ಮೇಲೆ ಶಾಖ ಕೊಟ್ಟಿದ್ಯಾರು?"

"ನಾನು ಸಾರ್," ಅಂದರು ಸಿಸ್ಟರ್. ಕೂಗಿ ಕೂಗಿ ಅವರ ದನಿ ಬಿದ್ದುಹೋಗಿತ್ತು.

ನಾದಿನಿ ಬೈದದ್ದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ. ನನಗೆ ತಪ್ಪಿದ ದೊಣ್ಣೆ ಅವರಿಗೆ ಬಿತ್ತು. ಗಂಡ ಮನೆ ಖಾಲಿ ಮಾಡಲು ಹೇಳಿದರು. ತಿಂಗಳೊಳಗೆ ಅವರು ಕೆಂಗೇರಿ ಕಡೆ ಹೋದರು. ಸಾಮಾನು ಏರಿಸುವ ದಿನ ನಾನು ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಆ ಮಧ್ಯಾಹ್ನದ ನೆನಪೇ ಉಳಿಯದ ಅತ್ತೆ, ಮಗಳು ಹೇಳಿದ್ದನ್ನೇ ನಂಬಿ, ಇನ್ನೂ ಎಂಟು ತಿಂಗಳು ಬದುಕಿದರು, ಸಿಸ್ಟರಿಗೆ ಶಾಪ ಹಾಕುತ್ತಲೇ.

ಹೋದ ಭಾನುವಾರ ನಾದಿನಿ ಮತ್ತೆ ಆ ಮಾತು ತೆಗೆದಾಗ ನನಗೆ ತಡೆಯಲಾಗಲಿಲ್ಲ. ಚೀಲ ಪಕ್ಕಕ್ಕೆ ತಳ್ಳಿ ಎದ್ದು ಕೂತೆ.

"ಸಿಸ್ಟರ್ ಅಲ್ಲ ಕಣೇ. ಅವತ್ತು ಶಾಖ ಕೊಟ್ಟಿದ್ದು ನಾನು. ನಿಮ್ಮಮ್ಮನ್ನ ಉಳಿಸಿದ್ದು ಅವ್ರು."

ಬೈಯುತ್ತಾಳೆ ಎಂದು ಕಾದೆ. ಅವಳು ಚೀಲವನ್ನು ಎತ್ತಿ ನೆಲದ ಮೇಲಿಟ್ಟು ನನ್ನ ಪಕ್ಕ ಕೂತಳು.

"ಈಗ ಎಲ್ಲಿದಾರೆ ಅತ್ತಿಗೆ ಅವ್ರು? ಹೋಗಿ ಕಾಲಿಗೆ ಬಿದ್ದು ಬರೋಣ" ಅಂದಳು ಕೊನೆಗೆ.

ಕಳೆದ ವರ್ಷ ನಾನೂ ಅದಕ್ಕೆಂದೇ ಕ್ಲಿನಿಕ್ಕಿಗೆ ಹೋಗಿ ವಿಳಾಸ ಕೇಳಿದ್ದೆ. ಕೌಂಟರಿನ ಹುಡುಗಿ ನನ್ನ ಮುಖ ನೋಡಿ, ಮೊದಲು ಕೂತ್ಕೊಳ್ಳಿ ಆಂಟಿ ಅಂದಿದ್ದಳು...

"ಅವ್ರಿಲ್ಲ ಕಣೇ," ಅಂದೆ. "ನಾನು ತಡ ಮಾಡ್ಬಿಟ್ಟೆ."