ಒಣಗದ ದನಗಳು

ಐವತ್ತು ದಾಟಿದ ಮೇಲೆ, ಊರು ಬಿಟ್ಟು ಬಂದು ವರ್ತಕ ನಗರದಲ್ಲಿ ನೆಲೆಸಿದ್ದ ಸುಂದರಿಗೆ ಚಿತ್ರ ಬರೆಯುವ ಹುಚ್ಚು ಹಿಡಿಯಿತು. ಗಂಡ ದೇವದಾಸರು ಹೋಟೆಲಿನಲ್ಲಿ ಮ್ಯಾನೇಜರು, ಮಗಳು ಮಾನಸಿ ಕೆಲಸಕ್ಕೆ ಸೇರಿದ್ದಳು, ಮಧ್ಯಾಹ್ನಗಳೆಲ್ಲ ಖಾಲಿ. ಪಕ್ಕದ ಬಿಲ್ಡಿಂಗಿನ ಜಯಶೀಲ ಟೀಚರರ ಬಳಿ ಕಲಿಯತೊಡಗಿದಳು. ಹೂಜಿ, ಹಣ್ಣು ಬರೆದು ಬೇಸತ್ತಾಗ ಟೀಚರು, ಕಣ್ಣು ಮುಚ್ಚಿದರೂ ಕಾಣುವಂಥದ್ದನ್ನು ಬರೆಯಿರಿ ಎಂದರು. ಸುಂದರಿಗೆ ಕಂಡದ್ದು ತವರೂರು ಕಾಪುವಿನ ಕಡಲ ತಡಿ. ಸಂಜೆ ಹೊತ್ತು ನೊಣದ ಕಾಟ ತಾಳಲಾರದೆ ದನಗಳು ಮರಳಿಗಿಳಿದು, ಗಾಳಿಗೆ ಮುಖವೊಡ್ಡಿ ನಿಲ್ಲುತ್ತಿದ್ದವು. ಚಿಕ್ಕಂದಿನಲ್ಲಿ ಅವನ್ನು ಅಟ್ಟಿಕೊಂಡು ಬರುತ್ತಿದ್ದವಳು ಅವಳೇ.

೨೦೧೨ರ ಡಿಸೆಂಬರಿನಲ್ಲಿ ನೌಪಾಡಾದಲ್ಲಿ ಕನ್ನಡಿಗರ ಸಂಘವೊಂದು ಚಿತ್ರಪ್ರದರ್ಶನ ಏರ್ಪಡಿಸುವುದೆಂದು ಗೊತ್ತುಮಾಡಿತು. ಸುಂದರಿಯ ಚಿತ್ರಕ್ಕೂ ಗೋಡೆಯಲ್ಲಿ ಜಾಗ ಕೊಡುವುದಾಗಿ ಹೇಳಿದರು. ತಾನು ಮಾಡಿದ್ದನ್ನು ನಾಲ್ಕು ಜನ ನಿಂತು ನೋಡುವುದು ಇದೇ ಮೊದಲು! ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ಆಕಾಶ, ಕಡಲು, ಮರಳು ಬರೆದು ಒಣಗಿದ್ದವು. ದನಗಳಿಗೆ ಬಣ್ಣ ಕಲಸುವ ಹೊತ್ತಿಗೆ ಅಗಸೆ ಎಣ್ಣೆ ಮುಗಿದಿತ್ತು. ಅಡುಗೆಮನೆಯಲ್ಲಿ ಊರಿನ ತೆಂಗಿನೆಣ್ಣೆ ಡಬ್ಬಿ ತುಂಬ ಇತ್ತು. ಒಗ್ಗರಣೆಗೂ ತಲೆಗೂ ಆಗುವ ಎಣ್ಣೆ ಬಣ್ಣಕ್ಕೇಕೆ ಆಗದು? ದನಗಳು ಮಿರಮಿರನೆ ಮಿಂಚಿದವು. ಆದರೆ ವಾರ ಕಳೆದರೂ ಬಣ್ಣ ಬೆರಳಿಗೆ ಹತ್ತುತ್ತಲೇ ಇತ್ತು.

“ಅಮ್ಮಾ, ತುಮ್ಹಾರೀ ಗಾಯ್ ದೀಪಾವಳಿಯ ಎಣ್ಣೆಸ್ನಾನ ಕರ್ಕೆ ಆಯೀ ಕ್ಯಾ?” ಎಂದು ಮಾನಸಿ, ಹಸು ಮಿಂದು ಬಂತೇ ಎಂಬಂತೆ ಹಿಂದಿ ಬೆರೆಸಿ ಅಣಕಿಸಿದಳು.

ಪ್ರದರ್ಶನದ ಬೆಳಿಗ್ಗೆ ಗಂಡ ಹೆಂಡತಿ ರಿಕ್ಷಾದಲ್ಲಿ ಚಿತ್ರವನ್ನು ಅಂಚು ಹಿಡಿದೇ ತಂದರು. ಸಂಘದ ವಿಷ್ಣುಮೂರ್ತಿಯವರು ಹಸುವಿನ ಬೆನ್ನು ಮುಟ್ಟಿ, ಬೆರಳು ನೋಡಿಕೊಂಡು, ಹಸಿ ಚಿತ್ರ ತೂಗುಹಾಕುವಂತಿಲ್ಲ, ಬಂದವರ ಸೀರೆಗೆ ಹತ್ತೀತು ಎಂದುಬಿಟ್ಟರು. ಅಲ್ಲೇ ಇದ್ದ ಜಯಶೀಲ ಟೀಚರು ಬಗ್ಗಿ ಮೂಸಿದರು.

“ಸುಂದರಿಯಕ್ಕ, ಎಂಥ ಎಣ್ಣೆ ಹಾಕಿದ್ದು?”

“ಮನೆಯದ್ದೇ. ತೆಂಗಿನೆಣ್ಣೆ.”

“ಅಯ್ಯೋ ಮಾರಾಯ್ರೆ, ಅದು ಈ ಜನ್ಮದಲ್ಲಿ ಒಣಗುವುದಿಲ್ಲ.”

ಬರುವ ವರ್ಷ ನೋಡುವ ಎಂದು ದೇವದಾಸರು ಚಿತ್ರ ಎತ್ತಿಕೊಳ್ಳಹೋದರು. ಸುಂದರಿ ಬಿಡಲಿಲ್ಲ. ಉಗುರಿನಿಂದ ಕಡಲನ್ನು ತಟ್ಟಿದಳು, ಗಟ್ಟಿಯಾಗಿತ್ತು. ಮರುಕ್ಷಣವೇ ಟೀಚರರ ಕೈಯಲ್ಲಿದ್ದ ಒರೆಸುವ ಬಟ್ಟೆ ಕಿತ್ತುಕೊಂಡು ಐದೂ ದನಗಳನ್ನು ಒರೆಸಿಹಾಕಿದಳು. ಬರಿಯ ಮರಳು ಉಳಿಯಿತು. ದೇವದಾಸರು ತಲೆಯ ಮೇಲೆ ಕೈಯಿಟ್ಟುಕೊಂಡರು.

“ಹಸಿ ಚಿತ್ರ ಗೋಡೆಗೆ ಬೇಡ,” ಎಂದಳು ಸುಂದರಿ, “ಇಲ್ಲಿ ಕೂತು ಬರೆದರೆ ಆಗ್ತದಲ್ಲ?”

ವಿಷ್ಣುಮೂರ್ತಿಯವರು ನಕ್ಕು, ತಾವೇ ಕುರ್ಚಿ ತಂದು ಕಿಟಕಿಯ ಬಳಿ ಹಾಕಿದರು. ಟೀಚರು ತಮ್ಮ ಬಣ್ಣದ ಪೆಟ್ಟಿಗೆಯನ್ನೂ ಅಗಸೆ ಎಣ್ಣೆಯನ್ನೂ ಕೊಟ್ಟರು.

ಮೊದಲ ಹಸುವಿನ ಕೊಂಬು ಮೂಡುವಾಗ ಇಬ್ಬರು ನಿಂತಿದ್ದರು. ಕಾಲು ಮೂಡುವ ಹೊತ್ತಿಗೆ ಕುರ್ಚಿಯ ಸುತ್ತ ಜನವೋ ಜನ. ಗೋಡೆಯ ಚಿತ್ರಗಳ ಮುಂದೆ ಯಾರೂ ಇರಲಿಲ್ಲ. ಧಾರವಾಡದ ಕಡೆಯ ಚಂದವ್ವ ಎಂಬ ಮುದುಕಿ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು.

“ಯವ್ವಾ, ಕಿವಿ ಹಿಂದಕ್ಕ ಮಾಡ. ಎದುರು ಗಾಳಿ ಐತಿ.”

ಹೌದಲ್ಲ! ಸುಂದರಿ ಕಿವಿಯನ್ನು ಹಿಂದಕ್ಕೆ ತಿರುಗಿಸಿದಳು. ದನಕ್ಕೆ ಜೀವ ಬಂತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಡ್ಯೂಟಿಗೆ ಹೋಗಬೇಕಾಗಿದ್ದ ದೇವದಾಸರು ಹೋಟೆಲಿಗೆ ಫೋನು ಮಾಡಿ, ಇವತ್ತು ಬರುವುದಿಲ್ಲ ಎಂದು ತಿಳಿಸಿ, ಬಂದವರಿಗೆಲ್ಲ “ನನ್ನ ಹೆಂಡತಿ” ಎಂದು ಹೇಳುತ್ತ ನಿಂತರು.

ಸಂಜೆ ವಿಷ್ಣುಮೂರ್ತಿಯವರು ಬಂದು, ಬಾಗಿಲು ಹಾಕುವ ಹೊತ್ತಾಯಿತು ಎಂದರು. ಸುಂದರಿ ತಲೆಯೆತ್ತಲಿಲ್ಲ.

“ತಡೀರಿ, ಐದನೆಯದ್ದರ ಬಾಲ ಬಾಕಿ ಉಂಟು.”

ನಿಂತ ಜನರಲ್ಲಿ ಒಬ್ಬರೂ ಕದಲಲಿಲ್ಲ.