ಹೆರ್ಗೇರನ ಸಕ್ಕರೆ ತುಂಡುಗಳು

ಆ ಉಣ್ಣೆಯುಂಡೆ ಆಚೆಗಿಟ್ಟು ಕೇಳು ಮಗಾ, ನಮ್ಮ ಫರೋ ದ್ವೀಪಗಳಲ್ಲಿ ಹೆರ್ಗೇರನಂಥ ಹಟಮಾರಿ ಇನ್ನೊಬ್ಬನಿಲ್ಲ. ಫುಟ್ಬಾಲ್ ಸಮಿತಿಯಲ್ಲಿರುವ ಈ ಹಳೇ ಗೋಲ್‌ಕೀಪರ್ ಯಾರ ಮನೆಗೆ ಕಾಫಿಗೆ ಹೋದರೂ ಮೊದಲು ಸಕ್ಕರೆ ಬಟ್ಟಲನ್ನು ಎಳೆದುಕೊಳ್ಳುತ್ತಾನೆ. ಕಾಫಿಗೆ ಹಾಕಿಕೊಳ್ಳುವುದಕ್ಕಲ್ಲ, ದೇಶಗಳ ರ‍್ಯಾಂಕಿಂಗ್ ಲೆಕ್ಕ ಹೇಳುವುದಕ್ಕೆ. ಎರಡು ತಟ್ಟೆ, ಎರಡು ತಂಡ, ಸಕ್ಕರೆ ತುಂಡುಗಳೇ ಅಂಕ. "ದೊಡ್ಡೋರನ್ನ ಸೋಲಿಸಿದ್ರೆ ಅವರ ತಟ್ಟೆಯಿಂದ ಇಷ್ಟೊಂದು ತುಂಡು ನಮಗೆ. ಸಣ್ಣೋರನ್ನ ಸೋಲಿಸಿದ್ರೆ ಒಂದು ಚೂರು. ಸಣ್ಣೋರ ಕೈಲಿ ಸೋತ್ವೋ, ನಮ್ಮ ತಟ್ಟೆ ಬರಿದು!" ವಿಶ್ವಕಪ್ ಪಂದ್ಯಕ್ಕೆ ಹಿಡಿ ತುಂಬ, ಸ್ನೇಹಪಂದ್ಯಕ್ಕೆ ಚಿಟಿಕೆಯಷ್ಟು. ಪಾದ್ರಿಯ ಮನೆಯಲ್ಲೂ ಇದೇ, ಸಾವಿನ ಮನೆಯಲ್ಲೂ ಇದೇ. ನನ್ನ ಸಕ್ಕರೆಗೆಲ್ಲ ಅವನ ಬೆರಳಿನ ಮೀನಿನ ವಾಸನೆ. ಒಂದು ಅಂಕ ಇಳಿದರೂ ಊಟ ಬಿಡುವ ಮನುಷ್ಯ. ಅಂಥವನು ನಿನ್ನೆ ಸಮಿತಿಯಲ್ಲಿ ಮೇಜು ಗುದ್ದಿದ. ನಮಗಿಂತ ಎಷ್ಟೋ ಕೆಳಗಿರುವ ಪುಟ್ಟ ದೇಶವೊಂದು ಸ್ನೇಹಪಂದ್ಯಕ್ಕೆ ಬರಬಹುದೇ ಎಂದು ಕೇಳಿತ್ತು. "ಗೆದ್ರೆ ಚೂರು, ಸೋತ್ರೆ ಗೋತಾ. ನೀನೇ ಹೇಳ್ಕೊಟ್ಟ ಲೆಕ್ಕ ಮಾರಾಯ, ಬೇಡ ಅಂದುಬಿಡೋಣ," ಎಂದಳು ಅಧ್ಯಕ್ಷೆ ಸುನ್ನುವಾ. ಹೆರ್ಗೇರ್ ಎದ್ದು ನಿಂತ. "ನನ್ನ ಕಾಲದಲ್ಲಿ ನಮ್ಮ ಜೊತೆ ಆಡೋಕೆ ಯಾರೂ ಬರ್ತಿರಲಿಲ್ಲ ಕಣೇ. ಗೋಡೆಗೆ ಚೆಂಡು ಎಸೆದು ಎಸೆದು ಹಿಡಿಯೋದ್ರಲ್ಲೇ ನನ್ನ ವಯಸ್ಸು ಮುಗೀತು. ಹೋದ್ರೆ ಹೋಗ್ಲಿ ಸಕ್ಕರೆ, ಅವರು ಬರ್ತಾರೆ!" ಬರುತ್ತಿದ್ದಾರೆ, ಶನಿವಾರ. ಅವರಿಗೆಲ್ಲ ಸಾರು ತಾನೇ ಕಾಯಿಸುತ್ತಾನಂತೆ. ಏಳು, ಹಿತ್ತಲ ಗುಡಿಸಲಲ್ಲಿ ಗಾಳಿಗೆ ನೇತುಹಾಕಿರುವ ಕುರಿತೊಡೆ ಇಳಿಸಿ ಅವನಿಗೆ ಕೊಟ್ಟು ಬಾ. ಬರುವಾಗ ಅಂಗಡಿಯಿಂದ ಒಂದು ಪೊಟ್ಟಣ ಸಕ್ಕರೆ ತಾ.