ಉಂಡವರೆಲ್ಲ ನೆಂಟರಾದರು

ಹೋದ ವಾರ ಶಿರಾದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ಒಂದು ಅಂಗಡಿಯ ಮುಂದೆ ಕಡ್ಲೆಕಾಯಿ ಹಿಂಡಿಯ ಮೂಟೆ ಬಿಚ್ಚಿಟ್ಟಿದ್ದರು. ಆಗತಾನೆ ಗಾಣದಿಂದ ಬಂದಿದ್ದಿರಬೇಕು, ವಾಸನೆ ಇನ್ನೂ ಬೆಚ್ಚಗಿತ್ತು. ನನ್ನ ಕಾಲುಗಳು ಅಲ್ಲೇ ನಿಂತುಬಿಟ್ಟವು. ಅಂಗಡಿಯವನು "ಎಷ್ಟ್ ಹಸ ಕಟ್ಟಿದ್ದೀರಮ್ಮಾ?" ಎಂದು ಕೇಳಿದ. ನಮ್ಮ ಮನೆಯಲ್ಲಿ ಹಸುವಿಲ್ಲ, ಎಮ್ಮೆಯಿಲ್ಲ, ಒಂದು ಮೇಕೆಯೂ ಇಲ್ಲ. ಆದರೂ ಒಂದಿಷ್ಟು ಹಿಂಡಿ ಕಟ್ಟಿಸಿಕೊಂಡು ಮಧುಗಿರಿ ಬಸ್ಸು ಹತ್ತಿದೆ. ಪಕ್ಕದ ಸೀಟಿನವಳು ಮೂತಿ ತಿರುಗಿಸಿದಳು. ತಿರುಗಿಸಿಕೊಳ್ಳಲಿ ಬಿಡು ಎಂದು ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡೆ.

ಅದು ನಮ್ಮ ಗಾಣದಕ್ಕನ ವಾಸನೆ…

ಗಾಣದಕ್ಕ ನಮ್ಮ ಬೀದಿಗೆ ಬಂದಿದ್ದು ಪಾವಗಡದ ಕಡೆಯಿಂದ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಆಂಧ್ರದ ಕಡೆ ಹೋದ ಮೇಲೆ ಅಣ್ಣನ ಮನೆಯಲ್ಲಿದ್ದಳು. ಅಲ್ಲಿ ಹೇಗಿದ್ದಳು ಅಂತ ಬಾಯಿಬಿಟ್ಟು ಹೇಳಿದವಳಲ್ಲ. ಬಂದ ಹೊಸದರಲ್ಲಿ ಒಂದು ಸಲ ನಮ್ಮ ಅಮ್ಮ ಕಾಫಿ ಕೊಟ್ಟಾಗ, ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, "ಕುಂತ್ಕಂಡು ಬಿಸಿ ಕಾಫಿ ಕುಡ್ದು ಎಷ್ಟ್ ವರ್ಸ ಆಗಿತ್ತಮ್ಮಾ" ಅಂದಳು. ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ನಾವು ಆ ವಿಷಯ ಕೇಳಲೇ ಇಲ್ಲ.

ಅವಳ ಹಟಕ್ಕೆ ಸೋತು ಅಣ್ಣ ಒಂದು ಮರದ ಗಾಣ ಕೊಡಿಸಿದ್ದ. ಎತ್ತಿನದಲ್ಲ, ಮೋಟಾರಿನದು. ನಮ್ಮ ಪಕ್ಕದ ಮಳಿಗೆಯಲ್ಲಿ ಅದನ್ನು ಕೂರಿಸಿಕೊಂಡು, ಹಿಂದಿನ ಕೋಣೆಯಲ್ಲಿ ಅವಳ ಸಂಸಾರ. ಕೊಡಿಸುವಾಗಲೇ ಅಣ್ಣ ಮಾತು ತೆಗೆದುಕೊಂಡಿದ್ದ. ಯುಗಾದಿವರೆಗೆ ನೋಡುತ್ತೇನೆ, ಅಂಗಡಿ ತನ್ನ ಕಾಲ ಮೇಲೆ ನಿಂತರೆ ಸರಿ, ಇಲ್ಲದಿದ್ದರೆ ಗಾಣ ಮಾರಿ ತೆಪ್ಪಗೆ ಮನೆಗೆ ಬರಬೇಕು ಎಂದು. ಅವನು ಕೆಟ್ಟವನೇನಲ್ಲ. ತಂಗಿ ಬೇರೆ ಊರಲ್ಲಿ ಒಬ್ಬಳೇ ಇರುವುದು ಅವನಿಗೆ ಸಂಕಟ. ಆದರೆ ಆ ಮನೆಯಲ್ಲಿ ತಂಗಿಗೆ ಒಲೆಯ ಮುಂದೆ ಬಿಟ್ಟರೆ ಬೇರೆ ಜಾಗವಿಲ್ಲ ಅನ್ನುವುದು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಗಂಡಸರ ಕಣ್ಣಿಗೆ ಅಡುಗೆಮನೆಯ ಒಳಗಿನದು ಯಾವಾಗ ಬಿದ್ದಿದೆ?

ಎಣ್ಣೆಯ ಬಗ್ಗೆ ಯಾರೂ ಚಕಾರ ಎತ್ತುವಂತಿರಲಿಲ್ಲ. ಶಿರಾದ ಮಂಡಿಯಿಂದ ತಾನೇ ಹೋಗಿ ಕಡ್ಲೆಬೀಜ ಆರಿಸಿ ತರುತ್ತಿದ್ದಳು. ಅವಳ ಎಣ್ಣೆಯನ್ನು ಒಂದು ಮನೆಯವರು ಬಾಣಲೆಗೆ ಬಿಟ್ಟರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಆದರೆ ಪ್ಯಾಕೆಟ್ ಎಣ್ಣೆಗಿಂತ ರೇಟು ಜಾಸ್ತಿ. ಜನ ಬರುವರು, ಮೂಸುವರು, ರೇಟು ಕೇಳುವರು, "ಬರ್ತೀವಿ ಕಣಕ್ಕಾ" ಎಂದು ಹೊರಟುಹೋಗುವರು.

ದೀಪಾವಳಿ ಕಳೆದ ಮೇಲೆ ಒಂದು ದಿನ ನಾನು ಶಾಲೆಯಿಂದ ಬರುವುದನ್ನೇ ಕಾದಿದ್ದು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ನಾನಾಗ ನರ್ಸರಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಯಾವುದೋ ದೊಡ್ಡ ಊರಿನ ಅಂಗಡಿಯವರು ಭಾನುವಾರ ಜನರನ್ನು ಸಂಸಾರ ಸಮೇತ ಕರೆದು, ಪುಕ್ಕಟೆ ತಿಂಡಿ ಕೊಟ್ಟು, ಮಕ್ಕಳಿಗೆ ಆಟ ಆಡಿಸಿದ್ದರು. ಹೋಗುವಾಗ ಎಲ್ಲರ ಕೈಯಲ್ಲೂ ಆ ಅಂಗಡಿಯ ಚೀಲ.

"ಇದು ನಮ್ ಕೈಲೂ ಆಗುತ್ತೆ ಕಣಮ್ಮಾಯಿ," ಅಂದಳು. ನನ್ನನ್ನು ಅವಳು ಅಮ್ಮಾಯಿ ಅಂತಲೇ ಕರೆಯುತ್ತಿದ್ದಳು, ಅವರ ಕಡೆಯ ತೆಲುಗಿನಂತೆ.

ನನಗೂ ಸರಿ ಅನ್ನಿಸಿತು. ನಾನೇ ಕೂತು ಪ್ಲಾನು ಹಾಕಿದೆ. ಬಂದವರಿಗೆ ಕಾಗದದ ತಟ್ಟೆಯಲ್ಲಿ ಗಾಣದೆಣ್ಣೆಯಲ್ಲಿ ಕರಿದ ವಡೆ, ಒಂದಿಷ್ಟು ಚಿತ್ರಾನ್ನ. ಮಕ್ಕಳಿಗೆ ಗಾಣ ತಿರುಗುವುದನ್ನು ತೋರಿಸುವುದು. ಬಾಗಿಲ ಹತ್ತಿರ ಮೇಜಿನ ಮೇಲೆ ಬಾಟಲಿಗಳು, ಅಲ್ಲಿ ನಾನು. ಆಟೋಗೆ ಮೈಕು ಕಟ್ಟಿಸಿ ಊರೆಲ್ಲ ಕೂಗಿಸಿದೆವು. ಪ್ರವೇಶ ಉಚಿತ, ಮನೆಮಂದಿಯೆಲ್ಲ ಬನ್ನಿ, ಗಾಣದೆಣ್ಣೆಯ ರುಚಿ ನೋಡಿ. ಫೋನಿನಲ್ಲಿ ಅದು ಮಿಡಿಗೇಶಿ, ಕೊರಟಗೆರೆವರೆಗೂ ಹೋಯಿತು.

ಶನಿವಾರ ಸಂಜೆ ಹೋಗಿ ನೋಡುತ್ತೇನೆ, ಅಂಗಡಿಯ ತುಂಬ ಬಾಳೆಎಲೆಯ ಕಟ್ಟು, ಬೆಲ್ಲ, ಬೇಳೆ, ಬಾಡಿಗೆಗೆ ತಂದ ದೊಡ್ಡ ದೊಡ್ಡ ಪಾತ್ರೆ.

"ಇದೇನಕ್ಕಾ ಇದು?"

"ಮನೆಮಂದಿ ಎಲ್ಲಾ ಬನ್ರಿ ಅಂತ ಕೂಗ್ಸಿ, ನಿಂತ್ಕಂಡು ಎರಡ್ ವಡೆ ತಿಂದು ಹೋಗ್ರಿ ಅನ್ನಕ್ಕಾಗುತ್ತಾ? ಕರ್ದು ಅವಮಾನ ಮಾಡ್ದಂಗೆ ಅಲ್ವಾ?"

ನನ್ನದು ಮೊದಲೇ ಜೋರು ಬಾಯಿ. ಕೂಗಾಡಿದೆ. ಅವಳು ಬೇಳೆ ಆರಿಸುತ್ತಲೇ ಇದ್ದಳು.

ಭಾನುವಾರ ಜನ ಬಂದರು. ಬಂದರು ಅಂದರೆ, ಬೀದಿ ತುಂಬಿತು. ಹೆಂಗಸರು ರೇಷ್ಮೆ ಸೀರೆ ಉಟ್ಟು, ಮಕ್ಕಳಿಗೆ ತಲೆ ಬಾಚಿ ಹೂ ಮುಡಿಸಿ ಕರೆತಂದಿದ್ದರು. ಕೊಳಾಲದ ಕಡೆಯ ಮುದುಕರೊಬ್ಬರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು, "ಏನ್ ಕಾರ್ಯ ತಾಯಿ, ನಾಮಕರಣನಾ?" ಎಂದು ವಿಚಾರಿಸಿದರು. "ಎಣ್ಣೆ ಕಾರ್ಯ ಕಣಣ್ಣಾ, ಕುಂತ್ಕೋ," ಎಂದು ಅವಳೇ ಅವರ ಕೈಗೆ ನೀರು ಹಾಕಿದಳು. ಕೆಲವರು ತೆಂಗಿನಕಾಯಿ, ರವಿಕೆ ಕಣ ತಂದಿದ್ದರು. ಪುಕ್ಕಟೆ ಊಟಕ್ಕೆ ಬರಿಗೈಲಿ ಬರುವುದು ಹೇಗೆ ಅಂತ. ಪಂಕ್ತಿಯ ಮೇಲೆ ಪಂಕ್ತಿ ಕೂತಿತು. ಒಬ್ಬಟ್ಟು, ವಡೆ, ಚಿತ್ರಾನ್ನ, ಅನ್ನ, ಸಾರು. ಬಡಿಸಲು ಜನರಿದ್ದರೂ ಎಲ್ಲರ ಎಲೆಯ ಮುಂದೆ ಅವಳೇ ಒಂದು ಸಲ ಬಗ್ಗಿ, "ಇನ್ನೊಂದ್ ಹಾಕಿಸ್ಕಳಮ್ಮಾ, ಇನ್ನೊಂದೇ ಒಂದು," ಎನ್ನುತ್ತಿದ್ದಳು.

ನಾನು ಬಾಗಿಲಲ್ಲಿ ಬಾಟಲಿಗಳ ಹಿಂದೆ ಬೊಂಬೆಯ ಹಾಗೆ ಕೂತಿದ್ದೆ. ಮೊದಲ ಪಂಕ್ತಿ ಏಳುವ ಹೊತ್ತಿಗೆ ಅವಳು ಸರಸರ ಬಂದು ಒಂದು ಹಳೆ ಸೀರೆಯನ್ನು ಬಾಟಲಿಗಳ ಮೇಲೆ ಹೊದಿಸಿಬಿಟ್ಟಳು.

"ಉಂಡೋರ ಎದ್ರಿಗೆ ಅಂಗ್ಡಿ ಇಟ್ಕಂಡು ಕುಂತ್ರೆ ಸಿಗ್ಗು ಕಣಮ್ಮಾಯಿ."

ಮಿಡಿಗೇಶಿಯವನೊಬ್ಬ ಸೀರೆ ಸರಿಸಿ ನೋಡಿ, ಜೇಬಿಗೆ ಕೈ ಹಾಕಿದ. ಅವಳು ಓಡಿಬಂದು ಅವನ ಕೈ ಹಿಡಿದುಕೊಂಡಳು. "ಊಟದ್ ದಿನ ದುಡ್ಡು ತೆಗೀಬೇಡಣ್ಣಾ. ನಾಳೆ ಬಾ, ತಗಂಡೋಗಿವಂತೆ." ಅವನು ಕೈ ಮುಗಿದು ಬಸ್ಸಿಗೆ ಹೋದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವಳ ಮುಖ ನೋಡಿದೆ. ಬೆವರು, ಕೆದರಿದ ಕೂದಲು, ಕೈತುಂಬ ಅರಿಶಿನ ಕುಂಕುಮ. ಹೆಂಗಸರಿಗೆಲ್ಲ ಎಲೆಅಡಿಕೆ ಕೊಟ್ಟು ಬಾಗಿಲವರೆಗೂ ಬಂದು ಕಳಿಸುತ್ತಿದ್ದಳು. ಹುಟ್ಟಿದಾಗಿನಿಂದ ಬೇರೆಯವರ ಕಾರ್ಯಗಳಿಗೆ ಕೆಲಸ ಮಾಡಿದವಳು ಅವತ್ತು ಮೊದಲ ಸಲ ತಾನೇ ಯಜಮಾನಿಯಾಗಿ ನಿಂತಿದ್ದಳು. ನಾನು ಮೇಜು ಬಿಟ್ಟೆದ್ದು ಎಲೆಅಡಿಕೆಯ ತಟ್ಟೆ ಹಿಡಿದು ಅವಳ ಪಕ್ಕ ನಿಂತೆ…

ಸೋಮವಾರ ಬೆಳಿಗ್ಗೆ ಬೇಗ ಬಾಗಿಲು ತೆಗೆದಳು. ಬಾಟಲಿಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟಳು. ಯಾರೂ ಬರಲಿಲ್ಲ. ಆ ವಾರವೂ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಜನರಿಗೆ ಅವಳ ಮೇಲೆ ಪ್ರೀತಿ ಕಡಿಮೆಯಾಗಿತ್ತಾ ಅಂದರೆ, ಅದೂ ಇಲ್ಲ. ಎದುರು ಬದಿಯಿಂದಲೇ "ಊಟ ಆಯ್ತಾ ಗಾಣದಕ್ಕಾ?" ಎಂದು ಕೂಗುವರು. ಹೊಲದ ಅವರೆಕಾಯಿ, ಒಂದು ಕಟ್ಟು ಸೊಪ್ಪು ತಂದು ಕೈಗಿಡುವರು. ಎಣ್ಣೆ ಮಾತ್ರ ಕೇಳುವುದಿಲ್ಲ.

"ಅಮ್ಮಾಯಿ, ನಿಜ ಹೇಳು. ಅವತ್ತು ವಡೇಗೆ ಉಪ್ಪು ಜಾಸ್ತಿ ಬಿದ್ದಿತ್ತಾ?" ಎಂದು ಒಂದು ದಿನ ಮೆಲ್ಲಗೆ ಕೇಳಿದಳು. ಇಲ್ಲ ಅಂದೆ. ನಂಬಲಿಲ್ಲ. ಹೋಳಿಗೆ ಹೂರಣ ಹಳಸಿತ್ತಾ, ಯಾರಿಗಾದರೂ ಎಲೆಅಡಿಕೆ ಕೊಡುವುದು ಮರೆತೆನಾ ಎಂದು ಒಂದೊಂದೇ ಲೆಕ್ಕ ಹಾಕುತ್ತಿದ್ದಳು. ಒಬ್ಬಳೇ ಕೂತು ಅದನ್ನೇ ಯೋಚಿಸುತ್ತಿದ್ದಳು ಅಂತ ಕಾಣುತ್ತದೆ.

ಒಂದು ಸಂಜೆ ಮೂಲೆಮನೆಯವಳು ಪ್ಯಾಕೆಟ್ ಎಣ್ಣೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಓಣಿಯಿಂದ ಮನೆಗೆ ಹೋಗುವುದು ನನ್ನ ಕಣ್ಣಿಗೆ ಬಿತ್ತು. ಅಡ್ಡ ಹಾಕಿದೆ. ಪಂಕ್ತಿಯಲ್ಲಿ ಕೂತು ನಾಲ್ಕು ಜನ ಮಕ್ಕಳ ಜೊತೆ ಉಂಡವಳು ಅವಳು.

"ಅಯ್ಯೋ, ಆಯಮ್ಮನ ಮನೇಲಿ ಉಂಡಿವ್ನಿ ಕಣಮ್ಮಾ," ಅಂದಳು, ನಾಚಿಕೊಂಡು. "ರೇಟು ಜಾಸ್ತಿ ಆಯ್ತು ಅಂತ ಎಂಗ್ ಅನ್ಲಿ? ಅರ್ಧ ಲೀಟ್ರು ಕೊಡು ಅಂದ್ರೆ ತುಂಬ್ಸೇ ಕೊಡ್ತಾಳೆ, ಅದ್ನ ಇಸ್ಕಳದು ಎಂಗೆ? ಅಂಗ್ಡಿಯೋನ್ ಹತ್ರ ಆದ್ರೆ ಬಾಯಿ ಮಾಡ್ಬೋದು. ಕೈಯಾರ ಬಡ್ಸಿದೋಳ್ ಹತ್ರ ಚೌಕಾಸಿ ಮಾಡಕ್ಕಾಗುತ್ತಾ?"

ಇದು ಅವಳೊಬ್ಬಳ ಮಾತಲ್ಲ, ಬೀದಿಯ ಮಾತು ಅಂತ ಆಮೇಲೆ ತಿಳಿಯಿತು. ಗಿರಾಕಿಗಳಾಗಿ ಬರಬೇಕಿದ್ದವರೆಲ್ಲ ಎಲೆಯ ಮುಂದಿನಿಂದ ನೆಂಟರಾಗಿ ಎದ್ದಿದ್ದರು. ಬೈಯಬೇಕೆಂದರೆ ಅವರಲ್ಲಿ ಬೈಯುವಂಥ ತಪ್ಪೂ ಕಾಣದು. ನನ್ನ ಸಿಟ್ಟಿಗೆ ಹೋಗಲು ಜಾಗವೇ ಇರಲಿಲ್ಲ.

ಅಕ್ಕನಿಗೆ ಹೇಳಿದೆ. ಗಾಣ ನಿಂತಿತ್ತು. ಅದರ ಮರವನ್ನು ಸವರುತ್ತಾ, "ಅಂಗಾದ್ರೆ ನಾನೀಗ ಸಂತೋಸ ಪಡ್ಬೇಕಾ, ಅಳ್ಬೇಕಾ? ನೀನೇ ಹೇಳಮ್ಮಾಯಿ," ಅಂದಳು.

ನಮ್ಮ ಅಮ್ಮ ಒಂದು ಉಪಾಯ ಮಾಡಿದಳು. ಜನರ ಸಂಕೋಚ ಮುರಿಯಬೇಕು ಅಂತ, ಬೀದಿಯವರೆಲ್ಲ ನೀರಿಗೆ ನಿಂತಿರುವ ಹೊತ್ತಿಗೆ ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಚೌಕಾಸಿಗೆ ಇಳಿದಳು. "ಇದೇನು ರೇಟು, ಹಗಲುದರೋಡೆನಾ? ಕಡಿಮೆ ಮಾಡಿದ್ರೆ ತಗತೀನಿ, ಇಲ್ದಿದ್ರೆ ಇಲ್ಲ!" ಅಕ್ಕನೂ ಜೋರು ಮಾಡಿ ಒಂದು ರೇಟು ಹೇಳಬೇಕಿತ್ತು, ಹಾಗಂತ ಮೊದಲೇ ಹೇಳಿಕೊಟ್ಟಿದ್ದೆವು. ಅವಳೋ, ಬೀದಿಯವರೆಲ್ಲ ನೋಡುತ್ತಿದ್ದಂತೆ ಬಾಟಲಿ ತಂದು ಅಮ್ಮನ ಕೈಗಿಟ್ಟು, "ನಿಮ್ಗಿಂತ ಹೆಚ್ಚಾ ಇದು? ಅಂಗೇ ತಗಂಡೋಗಮ್ಮಾ," ಅಂದಳು. ನಲ್ಲಿಯ ಹತ್ತಿರ ನಿಂತವರೆಲ್ಲ ಅಮ್ಮನಿಗೆ ಛೀಮಾರಿ ಹಾಕಿದರು. ಉಂಡ ಮನೆಯ ಮುಂದೆ ಹೀಗಾ ನಿಂತು ಕೂಗುವುದು ಎಂದು. ಅಮ್ಮ ಮನೆಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಗುತ್ತಲೇ ಅತ್ತಳು.

ನಾವು ತಿಂಗಳು ತಿಂಗಳೂ ಎಣ್ಣೆ ತೆಗೆದುಕೊಂಡೆವು, ಹಟ ಮಾಡಿ ದುಡ್ಡು ಕೊಟ್ಟೆವು. ಒಂದು ಮನೆಯಿಂದ ಗಾಣ ತಿರುಗುತ್ತದಾ?

ಯುಗಾದಿ ಕಳೆದ ಮಾರನೆಯ ದಿನ ಅಣ್ಣ ಟೆಂಪೋ ತಂದ. ಗಾಣ ಆಗಲೇ ಕೊರಟಗೆರೆಯ ಯಾರಿಗೋ ಮಾರಾಟವಾಗಿತ್ತು. ಅವಳ ಹಾಸಿಗೆ, ಟ್ರಂಕು, ನಾಲ್ಕು ಪಾತ್ರೆ ಹತ್ತಿಸುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಬಂದರು. ಒಬ್ಬೊಬ್ಬರ ಕೈಯಲ್ಲೂ ತಟ್ಟೆ. ತವರಿನಿಂದ ಮಗಳನ್ನು ಕಳಿಸುವ ಹಾಗೆ ಅವಳನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ಬಳೆ, ರವಿಕೆ ಕಣ. ಮೂಲೆಮನೆಯವಳು ಅವಳ ಹೆಗಲಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು. ಯಾರದ್ದೂ ನಾಟಕವಲ್ಲ. ಒಬ್ಬೊಬ್ಬರು ತಿಂಗಳಿಗೆ ಒಂದೊಂದು ಬಾಟಲಿ ತೆಗೆದುಕೊಂಡಿದ್ದರೆ ಆ ಮಡ್ಲಕ್ಕಿಯ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ಹೋಗಿ ಅವಳ ಟ್ರಂಕನ್ನು ಟೆಂಪೋದಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿದೆ.

ಅವಳು ಭಾರವಾದ ಸೆರಗನ್ನು ಎರಡು ಕೈಯಲ್ಲಿ ಎತ್ತಿಕೊಂಡು ನನ್ನ ಹತ್ತಿರ ಬಂದಳು. "ನೋಡಮ್ಮಾಯಿ, ಎಷ್ಟ್ ಜನ ನೆಂಟ್ರು ನಂಗೆ," ಎಂದು ನಕ್ಕಳು. ಆಮೇಲೆ ಟೆಂಪೋ ಹತ್ತಿದಳು.

ಮತ್ತೆ ಅವಳನ್ನು ನೋಡಿದ್ದು ಒಂದೇ ಸಲ. ಪಾವಗಡಕ್ಕೆ ಮದುವೆಗೆ ಹೋದಾಗ ವಿಳಾಸ ಹುಡುಕಿಕೊಂಡು ಹೋದೆ. ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದಳು, ಸೊರಗಿದ್ದಳು. ನಾನು ಕೂತೆ, ಅವಳು ಕೂರಲಿಲ್ಲ. ಬಿಸಿಲಲ್ಲಿ ಬಂದಿದ್ದೀಯ ಎಂದು ಮಜ್ಜಿಗೆ ತರಲು ತಿರುಗಿದವಳು, ಒಂದು ಗಳಿಗೆ ನಿಂತು ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ "ಇವ್ವು," ಕೊಡು ಎಂದು ತೆಲುಗಿನಲ್ಲಿ ಅಪ್ಪಣೆ ಕೊಟ್ಟ ಮೇಲೆ ಒಳಗೆ ಹೋದಳು. ಬೀದಿಗೆ ಬೀದಿಯನ್ನೇ ಕೂರಿಸಿ ಉಣ್ಣಿಸಿದವಳು… ನಾನು ಲೋಟ ಖಾಲಿ ಮಾಡಿ ಕೆಳಗಿಟ್ಟೆ. ಇನ್ನೊಂದು ಲೋಟ ಕುಡಿ ಎಂದು ಅವಳು ಅನ್ನಲಿಲ್ಲ.

ಹೋದ ಚಳಿಗಾಲದಲ್ಲಿ ಪಾವಗಡದಿಂದ ಫೋನು ಬಂತು. ಜ್ವರ ಅಂತ ಮಲಗಿದವಳು ಏಳಲಿಲ್ಲವಂತೆ. ನಾನು ಬೀದಿಯಲ್ಲಿ ನಿಂತು ಮೂಲೆಮನೆಯವಳಿಗೆ ಹೇಳಿದೆ. ಅವಳು ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತಳು. ಸುದ್ದಿ ಮನೆಯಿಂದ ಮನೆಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಮೂಲೆಮನೆಯವಳ ಮಗು ವಡೆ ಬೇಕು ಎಂದು ರಚ್ಚೆ ಹಿಡಿದಿತ್ತು, ಅವಳು ಗದರುವುದು ಕೇಳಿಸಿತು. "ಸುಮ್ಕಿರು, ಇವತ್ತು ಬಾಣಲೆ ಇಡಂಗಿಲ್ಲ. ನಮ್ಮೋಳು ಹೋಗವ್ಳೆ."

ಸತ್ತವರ ಮನೆಯವರು ಎಣ್ಣೆ ಕಾಯಿಸಬಾರದು, ನಮ್ಮ ಕಡೆ ಹಾಗೆ. ಅವತ್ತು ನಮ್ಮ ಬೀದಿಯ ಒಂದು ಮನೆಯಲ್ಲೂ ಯಾರೂ ಬಾಣಲೆ ಇಡಲಿಲ್ಲ, ಒಗ್ಗರಣೆಯ ವಾಸನೆಯೂ ಬರಲಿಲ್ಲ. ಗಾಣದಕ್ಕನಿಗಾಗಿ ಬೀದಿಯವರೆಲ್ಲ ಎಣ್ಣೆ ಮುಟ್ಟದೆ ಉಳಿದಿದ್ದರು.

ಶಿರಾದಿಂದ ತಂದ ಹಿಂಡಿ ಅಡುಗೆಮನೆಯ ಕಿಟಕಿಯಲ್ಲಿದೆ. ದನವಿಲ್ಲದ ಮನೆಗೆ ಇದೇಕೆ ಎಂದು ಅಮ್ಮ ಕೇಳಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಹತ್ತಿರ ಸ್ವಲ್ಪ ಹೊತ್ತು ಕೂರುತ್ತಾಳೆ, ನಾನೂ ಕೂರುತ್ತೇನೆ. ಹಿಂಡಿ ಒಣಗುತ್ತಾ ಬಂದಿದೆ. ಮೊದಲ ದಿನ ಬಾಗಿಲಿಗೇ ಬರುತ್ತಿದ್ದ ವಾಸನೆ, ಈಗ ಮೂಗಿನ ಹತ್ತಿರ ಹಿಡಿದರೂ ಅಷ್ಟಾಗಿ ಬರುವುದಿಲ್ಲ.